ಆ ಕಪಾಟಿನ ಧೂಳು ಒರೆಸುವವರು ಯಾರು?

ಬಿಬಿಸಿಯ ಒಳಾಂಗಣ ಕಾರ್ಯಕ್ರಮ ‘ಚೇಂಜಿಂಗ್ ರೂಮ್ಸ್’ ನೋಡಿಕೊಂಡು ಬೆಳೆದ ಬ್ರಿಟನ್ನಿನ ತಲೆಮಾರು ಟೀಪಾಟುಗಳ ಕಂತನ್ನು ಇವತ್ತಿಗೂ ಮರೆತಿಲ್ಲ. ಅದು 2000ನೇ ಇಸವಿ. ವಿನ್ಯಾಸಕಿ ಲಿಂಡಾ ಬಾರ್ಕರ್ ಒಂದು ಕೋಣೆಗೆ ತೂಗುಕಪಾಟು ರೂಪಿಸಿದರು. ಮೇಲಿನಿಂದ ಇಳಿಬಿಟ್ಟ ಹಲಗೆಗಳು. ಮನೆಯೊಡತಿ ಅಕ್ಕರೆಯಿಂದ ಕೂಡಿಹಾಕಿಕೊಂಡು ಬಂದಿದ್ದ ಹಳೇ ಕಾಲದ ಟೀಪಾಟುಗಳನ್ನು ಅದರ ಮೇಲೆ ಸಾಲಾಗಿ ಜೋಡಿಸಿದ್ದಾಯಿತು. ಆಮೇಲೆ ಕಪಾಟು ಕಳಚಿಕೊಂಡು ಬಿತ್ತು. ಸುಮಾರು 6,000 ಪೌಂಡ್ ಬೆಲೆಯ ಸಂಗ್ರಹ ನೆಲದ ಮೇಲೆ ಚೂರುಚೂರು.

ಟೀವಿಯಲ್ಲೊಂದು ಅವಘಡ ನಡೆಯಿತು ಎಂಬ ಕಾರಣಕ್ಕಷ್ಟೇ ಜನ ಅದನ್ನು ನೆನಪಿಟ್ಟುಕೊಂಡಿಲ್ಲ ಅಂತ ನನಗನ್ನಿಸುತ್ತದೆ. ಮನೆಯಲ್ಲಿ ಕಪಾಟಿಗೆ ಸಾಮಾನು ಏರಿಸಿ ಇಳಿಸಿ ಅಭ್ಯಾಸವಿರುವ ಯಾರಿಗಾದರೂ ಅಂಥ ಹಲಗೆ ಕಂಡ ಕ್ಷಣವೇ ಬರುವ ಪ್ರಶ್ನೆ ಒಂದೇ: ಇಷ್ಟು ಭಾರ ತಡೆಯುತ್ತದೆಯೇ? ಈ ಪ್ರಶ್ನೆ ಕೇಳುವುದಕ್ಕೆ ವಿನ್ಯಾಸದ ಡಿಗ್ರಿ ಬೇಕಿಲ್ಲ. ಟೀವಿಯ ಒಳಾಂಗಣ ಕಾರ್ಯಕ್ರಮಗಳ ಬಗ್ಗೆ ವೀಕ್ಷಕರು ಆಡುವ ಮಾತುಗಳನ್ನು ಗಮನವಿಟ್ಟು ಕೇಳಿದರೆ ಹೆಚ್ಚಿನವು ಇದೇ ಜಾತಿಯವು. ಕುರ್ಚಿಯಲ್ಲಿ ಕೂತರೆ ಬೆನ್ನು ನೋಯುವುದಿಲ್ಲವೇ? ಬಿಳಿ ಕಾರ್ಪೆಟ್ಟು ಎಷ್ಟು ದಿನ ಬಿಳಿಯಾಗಿದ್ದೀತು? ಅಷ್ಟೆತ್ತರದ ಕಪಾಟಿನ ಧೂಳು ಒರೆಸುವವರು ಯಾರು? ಒಳಾಂಗಣ ಸ್ಪರ್ಧೆಗಳ ತೀರ್ಪುಗಾರರ ಬಾಯಲ್ಲಿ ಈ ಮಾತುಗಳು ಅಪರೂಪಕ್ಕೆ ಬರುತ್ತವೆ. ಸೋಫಾ ಮೇಲೆ ಕೂತು ಟೀವಿ ನೋಡುವವರ ಈ ವಿಮರ್ಶೆಯನ್ನು ಸಾಮಾನ್ಯ ಜನರ ಗೊಣಗಾಟವೆಂದು ತಳ್ಳಿಹಾಕುವುದು ತಪ್ಪು, ಅದು ವಿನ್ಯಾಸದ ಹೃದಯಕ್ಕೇ ಸಂಬಂಧಿಸಿದ್ದು ಎಂದು ಹೇಳುವುದಕ್ಕಾಗಿಯೇ ಈ ಲೇಖನ.

‘ಚೇಂಜಿಂಗ್ ರೂಮ್ಸ್’ ಸ್ಪರ್ಧೆಯಾಗಿರಲಿಲ್ಲ. 1996ರಲ್ಲಿ ಶುರುವಾದ ಅದರ ನಿಯಮ ಸರಳ: ಅಕ್ಕಪಕ್ಕದ ಎರಡು ಮನೆಯವರು ಬೀಗದ ಕೈ ಬದಲಾಯಿಸಿಕೊಳ್ಳಬೇಕು, ವಿನ್ಯಾಸಕರ ನೆರವಿನಿಂದ ಎರಡು ದಿನದಲ್ಲಿ, 500 ಪೌಂಡಿನ ಖರ್ಚಿನಲ್ಲಿ ಒಬ್ಬರ ಕೋಣೆಯನ್ನು ಇನ್ನೊಬ್ಬರು ಬದಲಾಯಿಸಬೇಕು. ವಿನ್ಯಾಸಕ ಲಾರೆನ್ಸ್ ಲೆವೆಲಿನ್-ಬೋವೆನ್ ಅವರ ಆಡಂಬರದ ಕೋಣೆಗಳು, ಬಡಗಿ ‘ಹ್ಯಾಂಡಿ ಆ್ಯಂಡಿ’ ಕೊಯ್ದು ರಾಶಿ ಹಾಕುತ್ತಿದ್ದ ಎಂಡಿಎಫ್ ಹಲಗೆಗಳು ಮನೆಮಾತಾದವು. ಅಮೆರಿಕದ ಟಿಎಲ್‌ಸಿ ಚಾನೆಲ್ 2000ದಲ್ಲಿ ಇದನ್ನೇ ‘ಟ್ರೇಡಿಂಗ್ ಸ್ಪೇಸಸ್’ ಹೆಸರಿನಲ್ಲಿ 1,000 ಡಾಲರ್ ಬಜೆಟ್ಟಿನೊಂದಿಗೆ ತಂದಿತು. ಅಲ್ಲಿನ ವಿನ್ಯಾಸಕಿ ಹಿಲ್ಡಿ ಸ್ಯಾಂಟೊ-ಟೊಮಾಸ್ ಒಂದು ಮನೆಯ ಗೋಡೆಗೆ ಒಣಹುಲ್ಲು ಅಂಟಿಸಿಬಿಟ್ಟರು. ಇನ್ನೊಂದು ಕಂತಿನಲ್ಲಿ ಡಗ್ ವಿಲ್ಸನ್ ಮನೆಯವರು ಮುಟ್ಟಬೇಡಿ ಅಂದಿದ್ದ ಇಟ್ಟಿಗೆಯ ಅಗ್ಗಿಷ್ಟಿಕೆಯನ್ನೇ ಮರದ ಹೊದಿಕೆಯಿಂದ ಮುಚ್ಚಿಸಿದರು. ಕಣ್ಣು ತೆರೆದ ಮನೆಯೊಡತಿ ಒಂದಷ್ಟು ಹೊತ್ತು ತಡೆದುಕೊಂಡು, ಮೆಲ್ಲಗೆ ಕೋಣೆಯಿಂದ ಹೊರಗೆ ಹೋದರು. ಆದರೆ ಮೈಮೇಲಿನ ಮೈಕ್ ಬಿಚ್ಚಿರಲಿಲ್ಲ. ಒಳಗೆಲ್ಲೋ ಆಕೆ ಬಿಕ್ಕಿ ಬಿಕ್ಕಿ ಅಳುವ ಸದ್ದು, ಪರದೆಯ ಮೇಲೆ ಗಂಡನೂ ವಿನ್ಯಾಸಕನೂ ಸುಮ್ಮನೆ ನಿಂತಿರುವ ದೃಶ್ಯ.

ನೋಡಿದವರು ಇಬ್ಭಾಗವಾದರು. ಟೀವಿಯವರ ಕೈಗೆ ಮನೆ ಕೊಟ್ಟ ಮೇಲೆ ಅಳುವುದೇನು ಬಂತು ಅಂದವರಿದ್ದರು. ಮುಟ್ಟಬೇಡಿ ಅಂದದ್ದನ್ನೇ ಮುಟ್ಟುವವನು ಎಂಥ ವಿನ್ಯಾಸಕ ಅಂದವರೂ ಇದ್ದರು. ನಾನು ಈ ಎರಡನೆಯವರ ಪಕ್ಷ. ವಾಸಿಸುವವರ ಮಾತು ಕೇಳಿಸಿಕೊಳ್ಳದ ಕೋಣೆ ಎಷ್ಟು ಚೆಂದವಿದ್ದರೂ ಅರ್ಧ ಕೆಲಸವಷ್ಟೇ.

ಮುಂದಿನ ಹಂತ ಸ್ಪರ್ಧೆ. ಅಮೆರಿಕದ ಬ್ರಾವೊ ಚಾನೆಲ್‌ಗೆ ಬಟ್ಟೆ ಹೊಲಿಯುವವರ ‘ಪ್ರಾಜೆಕ್ಟ್ ರನ್‌ವೇ’ ಮತ್ತು ಅಡುಗೆಯವರ ‘ಟಾಪ್ ಶೆಫ್’ ಹೆಸರು ತಂದುಕೊಟ್ಟಿದ್ದವು. ಅದೇ ಅಚ್ಚಿನಲ್ಲಿ 2007ರ ಜನವರಿಯಲ್ಲಿ ‘ಟಾಪ್ ಡಿಸೈನ್’ ಬಂತು. ನಡೆಸಿಕೊಟ್ಟವರು ವಿನ್ಯಾಸಕ ಟಾಡ್ ಓಲ್ಡಮ್. ಕುಂಬಾರಿಕೆಯಿಂದ ಹೆಸರು ಮಾಡಿದ ಜೊನಾಥನ್ ಆ್ಯಡ್ಲರ್, ಹೋಟೆಲ್ ಒಳಾಂಗಣಗಳ ಕೆಲ್ಲಿ ವೇರ್‌ಸ್ಟ್ಲರ್, ‘ಎಲ್ ಡೆಕೋರ್’ ಪತ್ರಿಕೆಯ ಸಂಪಾದಕಿ ಮಾರ್ಗರೆಟ್ ರಸೆಲ್ ತೀರ್ಪುಗಾರರು. ಗೆದ್ದವರಿಗೆ 1,00,000 ಡಾಲರ್. ಎಲ್ಲವೂ ಸರಿಯಾಗಿತ್ತು, ಆದರೂ ಅಡುಗೆಯ ಸ್ಪರ್ಧೆ ಬೇರು ಬಿಟ್ಟಂತೆ ಇದು ಬಿಡಲಿಲ್ಲ. ಎರಡೇ ಸೀಸನ್‌ಗೆ ನಿಂತಿತು.

ಯಾಕಿರಬಹುದು? ಅಡುಗೆ ಸ್ಪರ್ಧೆಯಲ್ಲಿ ವೀಕ್ಷಕನಿಗೆ ರುಚಿ ಸಿಗುವುದಿಲ್ಲ. ತೀರ್ಪುಗಾರ ಉಪ್ಪು ಕಡಿಮೆ ಅಂದರೆ ಒಪ್ಪಲೇಬೇಕು. ಕೋಣೆಯ ವಿಷಯ ಹಾಗಲ್ಲ. ತೀರ್ಪುಗಾರರಿಗೆ ಕಾಣುವ ಬಣ್ಣ, ಪರದೆ, ದೀಪ ನಮಗೂ ಕಾಣುತ್ತವೆ. ಹಾಗಾಗಿ ತೀರ್ಪು ನಮ್ಮ ಕಣ್ಣಿಗೆ ವಿರುದ್ಧವಾಗಿ ಬಂದಾಗ ಸಿಟ್ಟು ಬರುತ್ತದೆ. ಅದೇ ಹೊತ್ತಿಗೆ, ನಮಗೆ ಕಂಡದ್ದು ಪೂರ್ತಿ ಕಂಡದ್ದೂ ಅಲ್ಲ. ಅಗಲದ ಲೆನ್ಸ್ ಹತ್ತಡಿಯ ಕೋಣೆಯನ್ನು ಹಜಾರ ಮಾಡುತ್ತದೆ. ಶೂಟಿಂಗ್ ದೀಪಗಳು ನೆರಳನ್ನೆಲ್ಲ ನುಂಗುತ್ತವೆ. ಬಾಗಿಲಿಂದ ಮಂಚಕ್ಕೆ ಎಷ್ಟು ಹೆಜ್ಜೆ, ಕಿಟಕಿ ಯಾವ ದಿಕ್ಕಿಗೆ, ವಾರ್ಡ್‌ರೋಬ್ ಬಾಗಿಲು ಪೂರ್ತಿ ತೆರೆದರೆ ಮಂಚಕ್ಕೆ ತಾಗುತ್ತದೆಯೇ, ಇವು ಯಾವುವೂ ತಿಳಿಯುವುದಿಲ್ಲ. ಒಂದು ನೆಲನಕ್ಷೆಯನ್ನು ಹತ್ತು ಸೆಕೆಂಡು ತೋರಿಸಿದರೆ ಸಾಕಿತ್ತು. ಬಹುತೇಕ ಕಾರ್ಯಕ್ರಮಗಳು ಅದರ ಬದಲು ಸ್ಪರ್ಧಿಗಳ ಜಗಳವನ್ನು ಹತ್ತು ನಿಮಿಷ ತೋರಿಸಿದವು.

‘ಟಾಪ್ ಡಿಸೈನ್’ನ ಹಲವು ಸ್ಪರ್ಧೆಗಳು ನಡೆದದ್ದು ಲಾಸ್ ಏಂಜಲೀಸ್ ಪಕ್ಕದ ವೆಸ್ಟ್ ಹಾಲಿವುಡ್‌ನ ಪೆಸಿಫಿಕ್ ಡಿಸೈನ್ ಸೆಂಟರ್‌ನಲ್ಲಿ, ಬಿಳಿ ಪೆಟ್ಟಿಗೆಗಳಂಥ ಖಾಲಿ ಕೋಣೆಗಳಲ್ಲಿ. ಹೊರಗಿನ ಮರವಿಲ್ಲ, ಮಧ್ಯಾಹ್ನದ ಬಿಸಿಲಿಲ್ಲ, ಪಕ್ಕದ ಮನೆಯ ಗದ್ದಲವಿಲ್ಲ. ಯಾರೂ ಬದುಕದ ಕೋಣೆಯನ್ನು ಚೆಂದ ಮಾಡುವುದರಲ್ಲಿ ಕೌಶಲ ಇರಬಹುದು, ಕಥೆ ಇರುವುದಿಲ್ಲ. ಇನ್ನೊಂದು ಕೊರತೆಯೂ ಇತ್ತು. ಬಟ್ಟೆಯ ಸ್ಪರ್ಧೆಯಲ್ಲಿ ಕತ್ತರಿ ಹಿಡಿಯುವವನೂ ಸೂಜಿಗೆ ದಾರ ಪೋಣಿಸುವವನೂ ಸ್ಪರ್ಧಿಯೇ. ಕೈತಪ್ಪಿದರೆ ನಮಗೆ ಕಾಣುತ್ತದೆ, ಎದೆ ಝಲ್ಲೆನ್ನುತ್ತದೆ. ಒಳಾಂಗಣದ ಸ್ಪರ್ಧೆಯಲ್ಲಿ ಬಡಗಿಗೆ ಚಿತ್ರ ಕೊಟ್ಟು ಸ್ಪರ್ಧಿ ಅಂಗಡಿಗೆ ಓಡುತ್ತಾನೆ. ನಾವು ನೋಡುವುದು ಬಿಲ್ ಕೌಂಟರನ್ನು. ಮರ ಕೊಯ್ಯುವುದು, ಮೂಲೆ ಕೂಡಿಸುವುದು, ಕೀಲು ಹಾಕುವುದು, ಪಾಲಿಶ್ ಒಣಗುವುದಕ್ಕೆ ಕಾಯುವುದು, ಹೀಗೆ ಈ ವಿದ್ಯೆಯ ನಿಜವಾದ ರಸವೆಲ್ಲ ವೇಗವಾಗಿ ಓಡಿಸಿದ ದೃಶ್ಯಗಳಲ್ಲಿ ಕ್ಷಣಾರ್ಧದಲ್ಲಿ ಮುಗಿದುಹೋಗುತ್ತದೆ.

ತೀರ್ಪುಗಾರರು ಎಲ್ಲಿಂದ ಬರುತ್ತಾರೆ ಎಂಬುದನ್ನೂ ನೋಡಬೇಕು. ಮಾರ್ಗರೆಟ್ ರಸೆಲ್ ಆಗ ಪತ್ರಿಕೆಯ ಸಂಪಾದಕಿಯಾಗಿದ್ದರು. ಬ್ರಿಟನ್ನಿನ ‘ಇಂಟೀರಿಯರ್ ಡಿಸೈನ್ ಮಾಸ್ಟರ್ಸ್’ ಸ್ಪರ್ಧೆಯ ಮುಖ್ಯ ತೀರ್ಪುಗಾರ್ತಿ ಮಿಶೆಲ್ ಒಗುಂಡೆಹಿನ್ ಕೂಡ ‘ಎಲ್ ಡೆಕೊರೇಶನ್’ನ ಮಾಜಿ ಸಂಪಾದಕಿ. ಹೊಳಪು ಕಾಗದದ ಪತ್ರಿಕೆಗಳ ಲೋಕ ಅದು. ಅಲ್ಲಿ ಕೋಣೆ ಎಂದರೆ ಫೋಟೊ ತೆಗೆಯುವ ಕ್ಷಣದ ಕೋಣೆ. ಚಾರ್ಜರಿನ ವೈರು ಸರಿಸಿ, ಚಪ್ಪಲಿ ಬಚ್ಚಿಟ್ಟು, ಒಂದೇ ಒಂದು ನಿಂಬೆಹಣ್ಣಿನ ಬುಟ್ಟಿ ಇಟ್ಟ ಮೇಲಿನ ಕೋಣೆ. ಅವರ ಕಣ್ಣು ಪಳಗಿದ್ದು, ಅದರಲ್ಲಿ ಎರಡು ಮಾತಿಲ್ಲ. ಒಗುಂಡೆಹಿನ್ ಬಣ್ಣದ ಅಂಚು ಸೊಟ್ಟಗಾದದ್ದನ್ನು, ವಾಲ್‌ಪೇಪರಿನ ಜೋಡಣೆ ತಪ್ಪಿದ್ದನ್ನು ಹಿಡಿಯುವ ರೀತಿಯನ್ನು ನಾನು ಮೆಚ್ಚಿ ನೋಡಿದ್ದೇನೆ. ಆದರೆ ಚಿತ್ರವಾಗಿ ಗೆಲ್ಲುವ ಕೋಣೆ ಮನೆಯಾಗಿ ಸೋಲಬಹುದು. ಅದನ್ನು ಬೇಗ ಗುರುತಿಸುವುದು ಪಾತ್ರೆ ತೊಳೆದು, ಬಟ್ಟೆ ಮಡಚಿ, ರಾತ್ರಿ ಕತ್ತಲಲ್ಲಿ ಸ್ವಿಚ್ ಹುಡುಕಿದ ಅನುಭವವಿರುವವರು.

ಈ ಸಾಲಿನ ಕಾರ್ಯಕ್ರಮಗಳಲ್ಲಿ ನನಗೆ ಹೆಚ್ಚು ಮೆಚ್ಚುಗೆಯಾದದ್ದು ಇದೇ ‘ಇಂಟೀರಿಯರ್ ಡಿಸೈನ್ ಮಾಸ್ಟರ್ಸ್’. 2019ರಲ್ಲಿ ಬಿಬಿಸಿ ಟೂನಲ್ಲಿ ಫರ್ನ್ ಕಾಟನ್ ನಿರೂಪಣೆಯಲ್ಲಿ ಆರಂಭವಾಗಿ, ನೆಟ್‌ಫ್ಲಿಕ್ಸ್ ಮೂಲಕ ಹೊರದೇಶಗಳಿಗೂ ತಲುಪಿ, 2021ರಿಂದ ಅಲನ್ ಕಾರ್ ಜೊತೆ ಬಿಬಿಸಿ ಒನ್‌ಗೆ ಬಂತು. ಇಲ್ಲಿ ಸ್ಪರ್ಧಿಗಳು ಕೆಲಸ ಮಾಡುವುದು ನಿಜವಾದ ಜಾಗಗಳಲ್ಲಿ: ವಿದ್ಯಾರ್ಥಿಗಳ ಕೋಣೆ, ಅಂಗಡಿ, ಸಲೂನ್, ರಜೆಯ ಮನೆ. ಕೆಲಸ ಸಾಲದೆ ಹೋದವರು ತೀರ್ಪುಗಾರರ ಎದುರಿನ ಸೋಫಾದಲ್ಲಿ ಕೂತು ಉತ್ತರ ಕೊಡಬೇಕು. ಬೈಗುಳ ಕಡಿಮೆ, ಕಾರಣ ಹೆಚ್ಚು. ಸ್ಪರ್ಧಿಗಳು ಒಬ್ಬರಿಗೊಬ್ಬರು ಬಣ್ಣ ಬಳಿಯಲು ನೆರವಾಗುವುದನ್ನೂ ಕ್ಯಾಮೆರಾ ಅಡಗಿಸುವುದಿಲ್ಲ. ಮೂರನೇ ಸರಣಿಯನ್ನು ಗೆದ್ದ ಬಾಂಜೊ ಬೀಲ್ ಹುಟ್ಟಿದ್ದು ಆಸ್ಟ್ರೇಲಿಯಾದಲ್ಲಿ, ನೆಲೆಸಿದ್ದು ಸ್ಕಾಟ್ಲೆಂಡಿನ ಮಲ್ ದ್ವೀಪದಲ್ಲಿ. ಗೆದ್ದ ಮೇಲೆ ‘ಡಿಸೈನಿಂಗ್ ದ ಹೆಬ್ರಿಡೀಸ್’ ಎಂಬ ಸರಣಿಯಲ್ಲಿ ಅವರು ಕೈಹಾಕಿದ್ದು ತಮ್ಮ ಸುತ್ತಲಿನ ದ್ವೀಪಗಳ ಜಾಗಗಳಿಗೇ.

ಹಾಗಿದ್ದರೆ ವೀಕ್ಷಕರಿಗೇ ತೀರ್ಪು ಬಿಟ್ಟುಕೊಟ್ಟರಾಯಿತಲ್ಲ ಅನ್ನಬಹುದು. ಅದನ್ನೂ ಮಾಡಿ ನೋಡಿದ್ದಾರೆ. ಅಮೆರಿಕದ ಎಚ್‌ಜಿಟಿವಿ 2006ರಲ್ಲಿ ‘ಡಿಸೈನ್ ಸ್ಟಾರ್’ ಆರಂಭಿಸಿದಾಗ ಕೊನೆಯ ಆಯ್ಕೆ ವೀಕ್ಷಕರ ಮತಕ್ಕೆ ಬಿಟ್ಟಿತ್ತು. ಗೆದ್ದವರು ಡೇವಿಡ್ ಬ್ರಾಮ್‌ಸ್ಟಾಡ್. ಬಹುಮಾನ ಸ್ವಂತದ್ದೊಂದು ಕಾರ್ಯಕ್ರಮ. 2007ರಲ್ಲಿ ‘ಕಲರ್ ಸ್ಪ್ಲ್ಯಾಶ್’ ಬಂತು, 2015ರಿಂದ ಲಾಟರಿ ಗೆದ್ದವರಿಗೆ ಮನೆ ಹುಡುಕಿಕೊಡುವ ‘ಮೈ ಲಾಟರಿ ಡ್ರೀಮ್ ಹೋಮ್’. ಅಷ್ಟು ದೀರ್ಘಕಾಲ ಜನರ ಪ್ರೀತಿ ಉಳಿಸಿಕೊಂಡ ಮನುಷ್ಯನನ್ನು ಮೊದಲ ಸೀಸನ್ನಿನಲ್ಲೇ ಆರಿಸಿದ ವೀಕ್ಷಕರ ಕಣ್ಣು ಚುರುಕಾಗಿಯೇ ಇತ್ತು. ಆದರೆ ಅವರು ಆರಿಸಿದ್ದು ನಿರೂಪಕನನ್ನು, ಕೋಣೆಯನ್ನಲ್ಲ. ‘ಬಿಗ್ ಬಾಸ್’ಗೆ ಮತ ಹಾಕುವ ಕನ್ನಡದ ವೀಕ್ಷಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮತ ಕೇಳಿದರೆ ನಾವು ಮನುಷ್ಯರನ್ನು ಆರಿಸುತ್ತೇವೆ, ಅವರ ನಗು, ನಡತೆ, ಕಣ್ಣೀರನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತೇವೆ. ಅಭಿಪ್ರಾಯ ಕೇಳಿದಾಗ ಮಾತ್ರ ಕಪಾಟು, ಕಿಟಕಿ, ಕುರ್ಚಿಯ ಮಾತು ಬರುತ್ತದೆ. ‘ಡಿಸೈನ್ ಸ್ಟಾರ್’ ಮುಂದಿನ ಸೀಸನ್‌ಗಳಲ್ಲಿ ಆಯ್ಕೆಯನ್ನು ತೀರ್ಪುಗಾರರಿಗೇ ವಹಿಸಿತು.

ಆಸ್ಟ್ರೇಲಿಯಾದ ‘ದ ಬ್ಲಾಕ್’ ಮೂರನೆಯದೊಂದು ದಾರಿ ಹಿಡಿದಿದೆ. 2003ರಲ್ಲಿ ಸಿಡ್ನಿಯ ಬಾಂಡೈಯಲ್ಲಿ ಆರಂಭವಾದ, 2010ರಿಂದ ಸ್ಕಾಟ್ ಕ್ಯಾಮ್ ನಡೆಸಿಕೊಡುತ್ತಿರುವ ಈ ಕಾರ್ಯಕ್ರಮದಲ್ಲಿ ಜೋಡಿಗಳು ತಿಂಗಳುಗಟ್ಟಲೆ ಮನೆಗಳನ್ನು ನವೀಕರಿಸುತ್ತವೆ. ವಾರವಾರ ತೀರ್ಪುಗಾರರು ಅಂಕ ಕೊಡುತ್ತಾರೆ. ಕೊನೆಯ ಮಾತು ಹರಾಜಿನದು. ಮೀಸಲು ಬೆಲೆಗಿಂತ ಎಷ್ಟು ಹೆಚ್ಚು ಬಂತೋ ಅದು ಜೋಡಿಯ ಲಾಭ, ಹೆಚ್ಚು ಲಾಭ ಬಂದವರೇ ಗೆದ್ದವರು.

ಹಣ ಪಕ್ಷಪಾತ ಮಾಡುವುದಿಲ್ಲ ಎಂಬ ನಂಬಿಕೆಯಿಂದ ಹುಟ್ಟಿದ ನಿಯಮ ಇದು. ನಡೆದದ್ದೇನು ನೋಡಿ. 2011ರಲ್ಲಿ ಮೆಲ್ಬರ್ನ್‌ನ ರಿಚ್‌ಮಂಡ್‌ನಲ್ಲಿ ಹರಾಜಿನ ಹೊತ್ತಿಗೆ ನಾಲ್ಕು ಮನೆಗಳಲ್ಲಿ ಮಾರಾಟವಾದದ್ದು ಒಂದೇ. ತಿಂಗಳುಗಟ್ಟಲೆ ನಿದ್ದೆಗೆಟ್ಟು ದುಡಿದ ಉಳಿದ ಮೂರು ಜೋಡಿಗಳ ಮುಖ ನೋಡಿ ಜನ ಕೋಪಗೊಂಡದ್ದು ಸಹಜ. 2022ರಲ್ಲಿ ಮೆಲ್ಬರ್ನ್ ಸಮೀಪದ ಗಿಸ್ಬೋರ್ನ್‌ನ ಮನೆಗಳಿಗೆ 40,80,000 ಆಸ್ಟ್ರೇಲಿಯನ್ ಡಾಲರ್ ಮೀಸಲು ಬೆಲೆ ಇತ್ತು. ಓಮರ್ ಮತ್ತು ಆಜ್ ಜೋಡಿಯ ಮನೆ 56,66,666 ಡಾಲರ್ 66 ಸೆಂಟಿಗೆ ಹೋಯಿತು. ಅದೇ ದಿನ ಅದೇ ಸಾಲಿನಲ್ಲಿದ್ದ ಬೇರೆ ಮನೆ ಮೀಸಲು ಬೆಲೆಯನ್ನೂ ಮುಟ್ಟದೆ ಉಳಿಯಿತು. ಎರಡು ಮನೆಗಳ ನಡುವಿನ ಆ ಅಂತರ ಸೋಫಾ ಬಟ್ಟೆಯದ್ದೋ ಸ್ನಾನದ ಮನೆಯ ಟೈಲ್ಸ್‌ನದ್ದೋ ಆಗಿರಲಾರದು. ಮನೆಗಳನ್ನು ಯಾವ ಸರದಿಯಲ್ಲಿ ಹರಾಜಿಗಿಟ್ಟರು ಎಂಬುದು, ಎದುರಿಗೆ ಕೂತ ಇಬ್ಬರು ಶ್ರೀಮಂತರ ಹಟ, ಇವೆಲ್ಲ ಸೇರಿ ಕಟ್ಟಿದ ಬೆಲೆ ಅದು. ಮಾರುಕಟ್ಟೆ ವಿನ್ಯಾಸದ ತೀರ್ಪುಗಾರನಲ್ಲ ಎಂಬುದನ್ನು ಆ ಒಂದು ಮಧ್ಯಾಹ್ನಕ್ಕಿಂತ ಸ್ಪಷ್ಟವಾಗಿ ಯಾವ ಪಂಡಿತರೂ ತೋರಿಸಿಕೊಡಲಾರರು.

‘ದ ಬ್ಲಾಕ್’ನಲ್ಲಿ ಇನ್ನೊಂದು ಒಳ್ಳೆಯ ಪದ್ಧತಿ ಇದೆ. ಹರಾಜಿಗೆ ಮುಂಚೆ ಮನೆಗಳನ್ನು ಸಾರ್ವಜನಿಕರಿಗೆ ತೆರೆದಿಡುತ್ತಾರೆ. ಟೀವಿಯಲ್ಲಿ ವಾರಗಟ್ಟಲೆ ನೋಡಿದ ಮನೆಯೊಳಗೆ ಕಾಲಿಡುವುದಕ್ಕೆ ಜನ ಸಾಲುಗಟ್ಟಿ ನಿಲ್ಲುತ್ತಾರೆ. ವೀಕ್ಷಕ ತನ್ನ ಕಣ್ಣನ್ನು ತಾನೇ ಪರೀಕ್ಷಿಸಿಕೊಳ್ಳುವ ಅವಕಾಶ ಅದು. ಮೆಲ್ಬರ್ನ್‌ನಲ್ಲಿರುವ ನನ್ನ ಗೆಳತಿಯೊಬ್ಬಳು ಆ ಕಾರ್ಯಕ್ರಮವನ್ನು ತಪ್ಪದೆ ನೋಡುತ್ತಾಳೆ. ಅಲ್ಲಿನ ಮನೆಗಳಲ್ಲಿ ಥಳಥಳಿಸುವ ಕಲ್ಲಿನ ಅಡುಗೆಕಟ್ಟೆಯ ಹಿಂದೆ ‘ಬಟ್ಲರ್ಸ್ ಪ್ಯಾಂಟ್ರಿ’ ಎಂಬ ಇನ್ನೊಂದು ಸಣ್ಣ ಕೋಣೆ ಇರುತ್ತದೆ. ತೀರ್ಪುಗಾರರು ಅಲ್ಲಿನ ಕಪಾಟಿನ ಬಣ್ಣದ ಬಗ್ಗೆ ಮಾತಾಡುತ್ತಿದ್ದರೆ ಇವಳು ಕೇಳುವುದು ಬೇರೆ: ಒಲೆ ಅಲ್ಲಿದೆಯೋ ಇಲ್ಲವೋ? ಹೊಗೆ ಹೀರುವ ಫ್ಯಾನು ಹೊರಗೆ ಹಾಕುತ್ತದೋ, ಒಳಗೇ ಸುತ್ತಿಸುತ್ತದೋ? ಒಣಮೆಣಸಿನಕಾಯಿ, ಇಂಗು ಹಾಕಿ ಒಗ್ಗರಣೆ ಕೊಟ್ಟರೆ ಬೆಡ್‌ರೂಮಿನ ಹಾಸಿಗೆವರೆಗೆ ಘಾಟು ಹೋಗುತ್ತದೋ? ಆ ಊರಿನ ಬಿಲ್ಡರ್‌ಗಳು ಈಗ ಭಾರತ, ಚೀನಾ ಮೂಲದ ಕೊಳ್ಳುವವರಿಗಾಗಿಯೇ ‘ಸ್ಪೈಸ್ ಕಿಚನ್’, ‘ವೋಕ್ ಕಿಚನ್’ ಎಂದು ಪ್ರತ್ಯೇಕ ಅಡುಗೆಕೋಣೆ ಸೇರಿಸಿ ಜಾಹೀರಾತು ಕೊಡುತ್ತಾರೆ. ಅಡುಗೆ ಮಾಡುವವರ ಪ್ರಶ್ನೆ ಮನೆಯ ನಕ್ಷೆಯನ್ನೇ ಬದಲಾಯಿಸಿದೆ. ಟೀವಿ ಸ್ಪರ್ಧೆಯ ಅಂಕಪಟ್ಟಿಗೆ ಅದಿನ್ನೂ ಬರಬೇಕು.

ನಮ್ಮ ಬೆಂಗಳೂರಿಗೂ ಈ ಮಾತು ದೂರದ್ದಲ್ಲ. ಹದಿನೈದು ಇಪ್ಪತ್ತು ವರ್ಷಗಳಲ್ಲಿ ಇಲ್ಲಿನ ಅಪಾರ್ಟ್‌ಮೆಂಟುಗಳ ಒಳಗನ್ನು ಬದಲಾಯಿಸಿದ್ದರಲ್ಲಿ ಪರದೆಯ ಮೇಲೆ ನೋಡಿದ ಮನೆಗಳ ಪಾಲು ದೊಡ್ಡದು. ಓಪನ್ ಕಿಚನ್, ಬಾಗಿಲಿಲ್ಲದ ಕಪಾಟು, ಹಿಡಿಯಿಲ್ಲದ ಡ್ರಾಯರ್, ನಾಲ್ಕೂ ಕಡೆ ಫಾಲ್ಸ್ ಸೀಲಿಂಗ್. ಬಾಗಿಲಿಲ್ಲದ ಹಲಗೆಯ ಮೇಲೆ ಸಾಲಾಗಿಟ್ಟ ಗಾಜಿನ ಡಬ್ಬಿಗಳು ಟೀವಿಯಲ್ಲಿ ಎಷ್ಟು ಚೆಂದ! ನಮ್ಮ ಅಡುಗೆಮನೆಯಲ್ಲಿ ಎರಡು ವಾರ ಒಗ್ಗರಣೆ ಹಾಕಿ ನೋಡಿ. ಮೊದಲು ಡಬ್ಬಿಯ ಮುಚ್ಚಳದ ಮೇಲೆ ತೆಳ್ಳಗೆ ಎಣ್ಣೆಯ ಪಸೆ, ಅದರ ಮೇಲೆ ರಸ್ತೆಯ ಧೂಳು. ಎರಡೂ ಕೂಡಿ ಕಂದುಬಣ್ಣದ ಜಿಗುಟಾಗಿ, ಒದ್ದೆ ಬಟ್ಟೆಗೆ ಬಗ್ಗದೆ, ಕೊನೆಗೆ ಬಿಸಿನೀರು, ಸೋಡಾಪುಡಿ ಹಾಕಿ ಉಜ್ಜಬೇಕು. ಉಜ್ಜುವವರು ಹೆಚ್ಚಿನ ಮನೆಗಳಲ್ಲಿ ಆ ಕಪಾಟನ್ನು ಆರಿಸಿದವರಲ್ಲ, ಬೆಳಿಗ್ಗೆ ಬಂದು ಹೋಗುವ ಕೆಲಸದಾಕೆ. ನಮ್ಮ ಹಳೆಯ ಅಡುಗೆಮನೆಗಳ ಬಾಗಿಲಿದ್ದ ಗೋಡೆಕಪಾಟು, ಜಾಲರಿ ಹಾಕಿದ ಹಾಲಿನ ಪೆಟ್ಟಿಗೆ, ಪಕ್ಕದ ಉಗ್ರಾಣ ಹಳ್ಳಿಗಾಡಿನ ಅಜ್ಞಾನದಿಂದ ಹುಟ್ಟಿದವಲ್ಲ. ಹೊಗೆ, ಇಲಿ, ಇರುವೆ, ಧೂಳನ್ನು ದಿನದಿನ ಎದುರಿಸಿದ ಕೈಗಳು ಕಂಡುಕೊಂಡ ವಿನ್ಯಾಸ ಅದು.

ಇದರರ್ಥ ತಜ್ಞರು ಬೇಡವೆಂದಲ್ಲ. ವೀಕ್ಷಕರ ಅಭಿಪ್ರಾಯಕ್ಕೂ ಮಿತಿಯಿದೆ, ಅದನ್ನು ಹೇಳದೆ ಹೋದರೆ ಅಪ್ರಾಮಾಣಿಕವಾಗುತ್ತದೆ. ನಾವು ಕಂಡದ್ದನ್ನೇ ಮತ್ತೆ ಕೇಳುತ್ತೇವೆ. ಗಾಢ ಬಣ್ಣ ಕಂಡರೆ ಹಿಂಜರಿಯುತ್ತೇವೆ, ಅಚ್ಚುಕಟ್ಟಾದ ಕೆನೆಬಣ್ಣದ ಕೋಣೆಗೆ ಬೇಗ ಒಲಿಯುತ್ತೇವೆ. ಜನರ ಇಷ್ಟವನ್ನಷ್ಟೇ ಕೇಳುತ್ತ ಹೋಗಿದ್ದರೆ ಲೆವೆಲಿನ್-ಬೋವೆನ್ ಎಂದಿಗೂ ಹುಟ್ಟುತ್ತಿರಲಿಲ್ಲ, ಬ್ರಿಟನ್ನಿನ ಮಧ್ಯಮವರ್ಗದ ಗೋಡೆಗಳು ಇಷ್ಟು ಬೇಗ ಬಣ್ಣಕ್ಕೆ ತೆರೆದುಕೊಳ್ಳುತ್ತಿರಲಿಲ್ಲ. ಅವರ ಕೋಣೆಗಳನ್ನು ಬೈದವರೇ ಮರುವಾರ ಮತ್ತೆ ನೋಡುತ್ತಿದ್ದರು. 2021ರಲ್ಲಿ ಚಾನೆಲ್ 4 ‘ಚೇಂಜಿಂಗ್ ರೂಮ್ಸ್’ಗೆ ಮರುಜೀವ ಕೊಟ್ಟಾಗ ಕರೆತಂದದ್ದೂ ಅವರನ್ನೇ. ಹೊಸದನ್ನು ಕಾಣಿಸುವುದು ವಿನ್ಯಾಸಕನ ಕೆಲಸ, ಹೌದು. ಆದರೆ ಆ ಹೊಸದರೊಳಗೆ ಇನ್ನೊಬ್ಬರ ನಿತ್ಯದ ಬದುಕು ನಡೆಯಬೇಕು. ಚಿತ್ರಕಲೆಗಿಲ್ಲದ ಈ ಹೊಣೆ ಒಳಾಂಗಣಕ್ಕಿದೆ, ಹಾಗಾಗಿಯೇ ಅದರ ವಿಮರ್ಶೆಯಲ್ಲಿ ವಾಸಿಸುವವನ ಪಾಲು ದೊಡ್ಡದು.

ಇಂಥದೊಂದು ಸ್ಪರ್ಧೆ ಕನ್ನಡದಲ್ಲೂ ಬರಲಿ ಎಂಬ ಆಸೆ ನನಗಿದೆ. ಅಡುಗೆಗೆ, ಹಾಡಿಗೆ, ಕುಣಿತಕ್ಕೆ ವೇದಿಕೆ ಕೊಟ್ಟ ನಮ್ಮ ವಾಹಿನಿಗಳಿಗೆ ಇದು ಅಸಾಧ್ಯವೇನಲ್ಲ. ಬಂದರೆ ಸ್ಟುಡಿಯೊದ ಬಿಳಿ ಪೆಟ್ಟಿಗೆ ಬೇಡ. ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸ್, ಮೈಸೂರಿನ ಒಂಟಿಕೋಣೆಯ ಬಾಡಿಗೆ ಮನೆ, ಮಂಗಳೂರಿನ ಹಂಚಿನ ಮನೆ, ಬೆಂಗಳೂರಿನ ಪಿ.ಜಿ. ಕೋಣೆ ಇವೆ. ಶುರುವಿನಲ್ಲೇ ನೆಲನಕ್ಷೆ ತೋರಿಸಲಿ, ಅಡಿ ಅಂಗುಲದ ಲೆಕ್ಕದೊಂದಿಗೆ. ಪ್ಲೈವುಡ್‌ಗೆ ಎಷ್ಟು, ಕೂಲಿಗೆ ಎಷ್ಟು ಎಂಬ ಖರ್ಚಿನ ಪಟ್ಟಿ ಪರದೆಯ ಮೇಲೆ ಬರಲಿ. ಬಡಗಿಯ, ಪೇಂಟರಿನ ಹೆಸರನ್ನು ಸ್ಪರ್ಧಿಯ ಹೆಸರಿನ ಜೊತೆಗೇ ಹೇಳಲಿ, ಅವರ ಕೈಕೆಲಸಕ್ಕೆ ಕ್ಯಾಮೆರಾ ತುಸು ಹೊತ್ತು ನಿಲ್ಲಲಿ. ತೀರ್ಪುಗಾರರ ಮೇಜಿನಲ್ಲಿ ಒಂದು ಕುರ್ಚಿ ಆ ಕೋಣೆಯಲ್ಲಿ ಇರಬೇಕಾದವರದ್ದಾಗಲಿ, ಅವರ ಅಂಕ ತಜ್ಞರ ಅಂಕಕ್ಕೆ ಸಮನಾಗಿರಲಿ. ಅಂಕವನ್ನೂ ಎರಡು ಸಲ ಕೊಡಲಿ: ಒಮ್ಮೆ ಬಾಗಿಲು ತೆರೆದ ದಿನ, ಇನ್ನೊಮ್ಮೆ ಒಂದು ಮಳೆಗಾಲ ಕಳೆದ ಮೇಲೆ, ಗೋಡೆಯ ಪಸೆ ಎಲ್ಲಿಯವರೆಗೆ ಏರಿದೆ, ಒದ್ದೆ ಬಟ್ಟೆ ಎಲ್ಲಿ ಒಣಗುತ್ತಿದೆ ಎಂಬುದನ್ನು ನೋಡಿಕೊಂಡು.